ಬಾಡಿಗೆ ಮನೆಯ ಅಡುಗೆಮನೆ: ಗೋಡೆ ಕೊರೆಯದೆ ಏನೇನು ಮಾಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾಲ್ಕು ವರ್ಷದಲ್ಲಿ ಬೆಂಗಳೂರಿನಲ್ಲಿ ಆರು ಬಾಡಿಗೆ ಮನೆ ಕಂಡಿದ್ದೇನೆ. ಆರರಲ್ಲಿ ಐದು ಅಡುಗೆಮನೆಗೆ ಮೊದಲ ಸಲ ಕಾಲಿಟ್ಟಾಗ ಬಾಯಿಗೆ ಬಂದ ಮಾತು ಒಂದೇ: "ಇಲ್ಲಿ ಹೇಗಪ್ಪಾ ಅಡುಗೆ ಮಾಡೋದು?" ನೆಂಟರು, ಆಫೀಸಿನ ಗೆಳತಿಯರು, ಎದುರು ಮನೆಗೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳೂ ಸುತ್ತಿ ಸುತ್ತಿ ಅವೇ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ.

## ಶುರು ಮಾಡುವ ಮುಂಚೆ

ಬಾಡಿಗೆ ಮನೆಗೆ ಯಾಕೆ ದುಡ್ಡು ಸುರೀಬೇಕು? ನಾಳೆ ಬಿಟ್ಟು ಹೋಗೋದೇ ಅಲ್ವಾ?

ಮನೆಗೆ ಸುರಿಯಬೇಡಿ. ಏನೇ ಕೊಳ್ಳುವ ಮುಂಚೆ ನಾನು ಕೇಳಿಕೊಳ್ಳುವುದು ಇಷ್ಟೇ: ಮನೆ ಖಾಲಿ ಮಾಡುವ ದಿನ ಇದು ಟೆಂಪೋ ಹತ್ತುತ್ತದಾ? ಹತ್ತುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಒಳ್ಳೆಯದನ್ನೇ ತರುತ್ತೇನೆ. ಗೋಡೆಯಲ್ಲೇ ಉಳಿಯುವುದಾದರೆ ಅಗ್ಗದ್ದು ಸಾಕು, ಎಷ್ಟೋ ಸಲ ಅದೂ ಬೇಡ. ಮೂರನೇ ಮನೆಯಲ್ಲಿ ಕೊಂಡ ಕಬ್ಬಿಣದ ರ‍್ಯಾಕ್ ಈಗ ನಾಲ್ಕನೇ ಅಡುಗೆಮನೆ ನೋಡುತ್ತಿದೆ. ಎರಡನೇ ಮನೆಯ ಗೋಡೆಗೆ ಆಸೆಪಟ್ಟು ಹಾಕಿಸಿದ ಮರದ ಶೆಲ್ಫ್ ಇನ್ನೂ ಅಲ್ಲೇ ಇದೆ, ಬೇರೆ ಯಾರದೋ ಉಪ್ಪಿನಕಾಯಿ ಭರಣಿ ಹೊತ್ತುಕೊಂಡು.

ಅಗ್ರಿಮೆಂಟಿನಲ್ಲಿ 11 ತಿಂಗಳು ಅಂತ ಇದ್ದರೂ ಒಂದೇ ಮನೆಯಲ್ಲಿ ನಾಲ್ಕೈದು ವರ್ಷ ಕಳೆಯುವವರು ಎಷ್ಟೋ ಜನ. ದಿನಾ ಎರಡು ಮೂರು ಗಂಟೆ ನಿಲ್ಲುವ ಜಾಗ ಅದು. "ನಾಳೆ ಬಿಟ್ಟು ಹೋಗೋದು" ಅಂದುಕೊಂಡೇ ಐದು ವರ್ಷ ಕತ್ತಲಲ್ಲಿ ತರಕಾರಿ ಹೆಚ್ಚಿದವಳು ನಾನು.

ಓನರ್‌ನ ಕೇಳಲೇಬೇಕಾ? ಕೇಳಿದ್ರೆ ಬೇಡ ಅಂತಾರೆ.

ರ‍್ಯಾಕ್ ಇಡುವುದಕ್ಕೆ, ಪರದೆ ಕಟ್ಟುವುದಕ್ಕೆ, ಬಲ್ಬ್ ಬದಲಿಸುವುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಗೋಡೆ ಕೊರೆಯುವುದು, ಬಣ್ಣ ಹೊಡೆಯುವುದು, ನಲ್ಲಿ ಬಿಚ್ಚುವುದು, ವೈರಿಂಗ್ ಮುಟ್ಟುವುದು ಇದ್ದರೆ ಕೇಳಲೇಬೇಕು.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬಾಡಿಗೆಯವರು ತಾವು ಹಾಕಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆ ಇನ್ನೂ ತಮ್ಮ ಕೈಯಲ್ಲಿರುವಾಗಲೇ ಬಿಚ್ಚಬೇಕು, ಬಂದಾಗ ಹೇಗಿತ್ತೋ ಹಾಗೆ ಬಿಟ್ಟುಕೊಡಬೇಕು. ಸಹಜವಾದ ಸವೆತಕ್ಕೆ ರಿಯಾಯಿತಿ ಇದೆ. ನಿಮ್ಮ ಅಗ್ರಿಮೆಂಟಿನಲ್ಲಿ ಬೇರೆ ಷರತ್ತು ಬರೆದಿದ್ದರೆ ಅದನ್ನೂ ಓದಿಕೊಳ್ಳಿ. ಸಹಿ ಹಾಕುವಾಗ ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ.

ಕೇಳುವ ರೀತಿಯಲ್ಲೂ ಇದೆ. "ಸ್ವಲ್ಪ ಚೇಂಜ್ ಮಾಡ್ತೀವಿ ಅಂಕಲ್" ಅಂದರೆ ಅವರಿಗೆ ಗೋಡೆ ಒಡೆಯುವ ಚಿತ್ರವೇ ಕಣ್ಣಿಗೆ ಬರುತ್ತದೆ. ಹೀಗೆ ಮೆಸೇಜ್ ಹಾಕಿ: "ಅಂಕಲ್, ಸಿಂಕಿನ ನಲ್ಲಿ ಬದಲಿಸಬೇಕು ಅಂತಿದ್ದೀವಿ. ಖರ್ಚು ನಮ್ಮದೇ. ಹಳೆಯದನ್ನ ಜೋಪಾನವಾಗಿ ಇಟ್ಟಿರ್ತೀವಿ, ಹೋಗುವಾಗ ಹಾಕಿಸಿ ಕೊಡ್ತೀವಿ. ಆಗಬಹುದಾ?" ಓನರ್ ಕೆಳಗಡೆ ಮನೆಯಲ್ಲೇ ಇದ್ದರೂ, ಬಾಯಲ್ಲಿ ಹೇಳಿದ ಮೇಲೆ ಮೆಸೇಜ್ ಹಾಕಿ. ಮೂರು ವರ್ಷದ ಮೇಲೆ ಯಾರು ಏನು ಹೇಳಿದರು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಕೀ ಕೈಗೆ ಬಂದ ದಿನ ಮೊದಲು ಏನು ಮಾಡ್ಬೇಕು?

ಹಾಲು ಉಕ್ಕಿಸುವ ಮುಂಚೆ ಫೋಟೊ ತೆಗೆಯಿರಿ. ಒಡೆದ ಟೈಲ್ಸ್, ಕಟ್ಟೆಯ ಚಕ್ಕೆ ಎದ್ದ ಅಂಚು, ಸಿಂಕಿನ ಕೆಳಗಿನ ತೇವ, ಹಿಂದಿನವರು ಹೊಡೆದ ಮೊಳೆಯ ತೂತು, ಸಡಿಲವಾದ ಬಾಗಿಲು, ಎಲ್ಲದರದ್ದೂ. ಅವತ್ತೇ ಓನರ್‌ಗೆ ಕಳಿಸಿಬಿಡಿ. ಜಗಳಕ್ಕಲ್ಲ, ದಾಖಲೆಗೆ.

ಇನ್ನೊಂದು, ಒಂದು ರಟ್ಟಿನ ಡಬ್ಬಿ ಇಟ್ಟುಕೊಳ್ಳಿ. ಆ ಮನೆಯಿಂದ ನೀವು ಬಿಚ್ಚಿದ ಪ್ರತಿ ಹಿಡಿ, ಸ್ಕ್ರೂ, ಬಲ್ಬ್, ನಲ್ಲಿ ಅದರೊಳಗೆ ಹೋಗಬೇಕು. ನಮ್ಮ ಮನೆಯಲ್ಲಿ ಅದಕ್ಕೆ "ಓನರ್ ಡಬ್ಬಿ" ಅಂತಲೇ ಹೆಸರು. ಅಟ್ಟದ ಮೇಲೆ ಕೂತಿರುತ್ತದೆ.

ಖರ್ಚೇ ಇಲ್ದೆ ಏನಾದ್ರೂ ಬದಲಾಗುತ್ತಾ?

ಅರ್ಧ ಅಡುಗೆಮನೆ ತಿಕ್ಕಿದರೇ ಬದಲಾಗುತ್ತದೆ. ಬಣ್ಣ ಮಾಸಿದೆ ಅಂದುಕೊಂಡಿದ್ದು ಎಷ್ಟೋ ಸಲ ಹಿಂದಿನವರ ಹತ್ತು ವರ್ಷದ ಜಿಡ್ಡು. ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ, ಕೈಗೆ ಗ್ಲೌಸ್ ಹಾಕಿಕೊಂಡು ಟೈಲ್ಸ್ ಮೇಲೆ ಒರೆಸಿ. ಹತ್ತು ನಿಮಿಷ ಬಿಟ್ಟು ತಿಕ್ಕಿದರೆ ಜಿಡ್ಡು ಇಳಿಯುತ್ತದೆ. ಟೈಲ್ಸ್ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್. ನಲ್ಲಿಯ ತುದಿಯ ಜಾಲರಿಯನ್ನು ತಿರುಗಿಸಿ ಬಿಚ್ಚಿ, ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ. ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕರಗಿ ನೀರು ನೆಟ್ಟಗೆ ಬೀಳುತ್ತದೆ.

ಎರಡು ಎಚ್ಚರ. ಶೆಲ್ಫಿಗೆ, ಕೆಲವು ಹಳೇ ಮನೆಯಲ್ಲಿ ಕಟ್ಟೆಗೂ ಹಾಕಿರುವ ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಗ್ರಾನೈಟ್ ಅಲ್ಲ. ನಿಂಬೆಹುಳಿ, ವಿನೆಗರ್, ಆಸಿಡ್ ಬಿದ್ದರೆ ಅದು ಬೆಳ್ಳಗೆ ಸುಟ್ಟಂತೆ ಆಗುತ್ತದೆ, ಮತ್ತೆ ಕಪ್ಪಾಗುವುದಿಲ್ಲ. ಇನ್ನು ಬ್ಲೀಚನ್ನೂ ಆಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನೂ ಒಟ್ಟಿಗೆ ಸುರಿಯಲೇಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಅಡುಗೆಮನೆಯಲ್ಲಿ ಅದು ಹುಡುಗಾಟದ ವಿಷಯವಲ್ಲ.

## ಗೋಡೆ, ಕಟ್ಟೆ, ನೆಲ

ಟೈಲ್ಸ್ ಮೇಲೆ ದ್ರಾಕ್ಷಿ ಗೊಂಚಲು, ಟೀ ಕಪ್ ಚಿತ್ರ ಇದೆ. ನೋಡಿ ನೋಡಿ ಸಾಕಾಗಿದೆ. ಸ್ಟಿಕ್ಕರ್ ಅಂಟಿಸಬಹುದಾ?

ಅಂಟಿಸಬಹುದು. ನಯವಾದ ಟೈಲ್ಸ್ ಮೇಲೆ ವಿನೈಲ್ ಸ್ಟಿಕ್ಕರ್ ಚೆನ್ನಾಗಿ ಕೂರುತ್ತದೆ, ಕಿತ್ತರೆ ಬರುತ್ತದೆ ಕೂಡ. ಬಣ್ಣ ಹೊಡೆದ ಗೋಡೆ ಮೇಲೆ ಬೇಡ. ಡಿಸ್ಟೆಂಪರ್ ಗೋಡೆಯಾದರೆ ಕೀಳುವಾಗ ಬಣ್ಣವೆಲ್ಲ ಸ್ಟಿಕ್ಕರ್ ಜೊತೆ ಚಕ್ಕೆ ಚಕ್ಕೆಯಾಗಿ ಬರುತ್ತದೆ.

ಮೊದಲು ಜಿಡ್ಡು ಪೂರ್ತಿ ಹೋಗಬೇಕು. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಸ್ಪಿರಿಟ್‌ನಲ್ಲಿ ಇನ್ನೊಂದು ಸಲ. ಅದಾದ ಮೇಲೆ ಮೂಲೆಯಲ್ಲಿ ಒಂದೇ ಒಂದು ಟೈಲ್ಸ್‌ಗೆ ಅಂಟಿಸಿ ಎರಡು ವಾರ ಬಿಡಿ. ಕಿತ್ತು ನೋಡಿ. ಚೊಕ್ಕವಾಗಿ ಬಂದರೆ ಉಳಿದದ್ದಕ್ಕೆ ಕೈ ಹಾಕಿ. ಈ ಎರಡು ವಾರ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ಎಲ್ಲರೂ ಅನುಭವಿಸುವುದು ಅದಕ್ಕೇ.

ಒಲೆಯ ಹಿಂದೆ ಮಾತ್ರ ಸ್ಟಿಕ್ಕರ್ ಬೇಡ. ಇದು ನನ್ನ ಸ್ವಂತ ಪಾಠ. ದೊಡ್ಡ ಉರಿಯಲ್ಲಿ ಹಪ್ಪಳ ಕರಿಯುವಾಗ ವಿನೈಲ್ ಮುದುರಿಕೊಂಡು ಕಂದು ಬಣ್ಣಕ್ಕೆ ತಿರುಗಿತು. ಕಿತ್ತರೆ ಅಂಟೆಲ್ಲ ಟೈಲ್ಸ್ ಮೇಲೆ ಬೆಲ್ಲದ ಪಾಕದ ಹಾಗೆ. ಒಲೆಯ ಸುತ್ತ ಒಂದೊಂದು ಅಡಿಯಾದರೂ ಬಿಟ್ಟುಬಿಡಿ.

ಹಾಗಾದ್ರೆ ಒಗ್ಗರಣೆ ಸಿಡಿಯೋ ಜಾಗಕ್ಕೆ ಏನು ಹಾಕೋದು?

ಸ್ಟೀಲ್ ಶೀಟ್. ಒಲೆಯ ಅಗಲಕ್ಕಿಂತ ಎರಡೂ ಕಡೆ ಅರ್ಧರ್ಧ ಅಡಿ ಜಾಸ್ತಿ, ಎತ್ತರ ಎರಡು ಅಡಿ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಸುತ್ತಮುತ್ತ ಅಳತೆಗೆ ಕತ್ತರಿಸಿ, ಅಂಚು ಮಡಚಿ ಕೊಡುವ ಅಂಗಡಿಗಳಿವೆ. ಅಂಚು ಮಡಚಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಒರೆಸುವಾಗ ಕೈ ಕೊಯ್ಯುತ್ತದೆ. ಅಂಟೂ ಬೇಡ, ಮೊಳೆಯೂ ಬೇಡ. ಕಟ್ಟೆಯ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿದರೆ ಸಾಕು. ವಾರಕ್ಕೊಮ್ಮೆ ಎತ್ತಿ ಸಿಂಕಲ್ಲಿ ತೊಳೆಯಬಹುದು. ಗಾಜೇ ಬೇಕು ಅನ್ನುವವರು ಬಿಸಿ ತಡೆಯುವ ಹಾಗೆ ಗಟ್ಟಿ ಮಾಡಿದ ಟಫನ್ಡ್ ಗಾಜು ತರಬೇಕು, ಮಾಮೂಲಿ ಗಾಜು ಬಿಸಿಗೆ ಸೀಳುತ್ತದೆ.

ನಾವು ಮಂಗಳೂರಲ್ಲಿರೋದು. ಸ್ಟಿಕ್ಕರ್ ಮಳೆಗಾಲಕ್ಕೇ ಎದ್ದು ಬರುತ್ತೆ.

ಕರಾವಳಿಯಲ್ಲಿ ಎದ್ದು ಬರುವುದಷ್ಟೇ ಅಲ್ಲ, ಸ್ಟಿಕ್ಕರ್ ಹಿಂದೆ ಬೂಷ್ಟು ಹಿಡಿಯುತ್ತದೆ. ತಣ್ಣನೆಯ ಟೈಲ್ಸ್ ಮೇಲೆ ಸಿಕ್ಕಿಕೊಂಡ ತೇವ ಹೋಗುವುದಕ್ಕೆ ದಾರಿಯೇ ಇರುವುದಿಲ್ಲ. ಕಲಬುರಗಿ, ಬಳ್ಳಾರಿಯ ಕಡೆ ಇದಕ್ಕೆ ತಿರುವುಮುರುವು: ಬೇಸಿಗೆಯಲ್ಲಿ ಅಂಟು ಮೆತ್ತಗಾಗಿ ಸ್ಟಿಕ್ಕರ್ ಜಾರುತ್ತದೆ. ಎರಡೂ ಕಡೆಯವರು ಅಂಟಿನ ಸಹವಾಸ ಬಿಟ್ಟು, ನಿಲ್ಲಿಸುವ ಮತ್ತು ನೇತುಹಾಕುವ ವಸ್ತುಗಳನ್ನೇ ನೆಚ್ಚಿಕೊಳ್ಳುವುದು ಲೇಸು.

ಕಪ್ಪು ಗ್ರಾನೈಟ್ ಕಟ್ಟೆಗೆ ಬಿಳಿ ಮಾರ್ಬಲ್ ಸ್ಟಿಕ್ಕರ್ ಹಾಕ್ಲಾ?

ಬೇಡ. ಗ್ರಾನೈಟ್ ಬಿಸಿ ಕುಕ್ಕರ್ ತಡೆಯುತ್ತದೆ, ಸ್ಟಿಕ್ಕರ್ ತಡೆಯುವುದಿಲ್ಲ. ಸಿಂಕಿನ ಅಂಚಲ್ಲಿ ನೀರು ನುಗ್ಗುತ್ತದೆ. ಅರಿಶಿನದ ಕಲೆ ಬೇರೆ. ದೊಡ್ಡದೊಂದು ಮರದ ಹಲಗೆ ತಂದು ಹೆಚ್ಚುವ ಜಾಗದಲ್ಲಿ ಇಡಿ, ಕಟ್ಟೆಯ ಕಪ್ಪು ಅಷ್ಟು ಎದ್ದು ಕಾಣುವುದಿಲ್ಲ.

ನೆಲ ಹಳೇ ರೆಡ್ ಆಕ್ಸೈಡ್. ಅಲ್ಲಲ್ಲಿ ಮಂಕಾಗಿದೆ. ಮೇಲೆ ವಿನೈಲ್ ಶೀಟ್ ಅಂಟಿಸಿಬಿಡೋಣ ಅಂತ.

ದಯವಿಟ್ಟು ಅಂಟಿಸಬೇಡಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಆ ಕೆಂಪು ನೆಲವನ್ನು ಕೈಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತಂದವರು ಈಗ ಸಿಗುವುದು ಕಷ್ಟ. ಅಂಟು ಕಿತ್ತರೆ ಮೇಲ್ಪದರವೇ ಏಳುತ್ತದೆ, ರಿಪೇರಿ ಮಾಡಿದರೆ ತೇಪೆ ಹಾಕಿದ್ದು ಕಾಣುತ್ತದೆ. ಚೆನ್ನಾಗಿ ಒರೆಸಿ ಒಣಗಿದ ಮೇಲೆ, ಒಂದು ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ ನೋಡಿ. ನಾಲ್ಕೇ ಹನಿ, ಜಾಸ್ತಿಯಾದರೆ ಜಾರಿ ಬೀಳುತ್ತೀರಿ. ನಿಲ್ಲುವ ಜಾಗಕ್ಕೊಂದು ಹತ್ತಿಯ ಜಮಖಾನೆಯೋ ಚಾಪೆಯೋ ಸಾಕು.

ಮಾಮೂಲಿ ಟೈಲ್ಸ್ ನೆಲವಾದರೆ ಅಂಟಿಲ್ಲದ ಪಿವಿಸಿ ಮ್ಯಾಟ್ ಹಾಸಬಹುದು. ತಿಂಗಳಿಗೊಮ್ಮೆ ಸುತ್ತಿ ಎತ್ತಿ ಕೆಳಗೆ ಒರೆಸಬೇಕು, ಅಷ್ಟೇ.

ಕಟ್ಟೆ ತುಂಬಾ ಕೆಳಗಿದೆ, ಬೆನ್ನು ನೋಯುತ್ತೆ. ಅತ್ತೆಗೆ ಅದೇ ಕಟ್ಟೆ ಎತ್ತರ!

ಒಂದೇ ಕಟ್ಟೆಗೆ ಇಬ್ಬರ ದೂರು, ಪ್ರತಿ ಮನೆಯಲ್ಲೂ ಕೇಳಿದ್ದೇನೆ. ಕಟ್ಟೆ ಸಾಮಾನ್ಯವಾಗಿ 32ರಿಂದ 34 ಇಂಚು ಎತ್ತರ ಇರುತ್ತದೆ. ನಿಮಗೆ ಮೂರು ನಾಲ್ಕು ಇಂಚು ಎತ್ತರದ ಕಾಲಿರುವ ಹೆಚ್ಚುವ ಹಲಗೆ. ಅತ್ತೆಗೆ ಒಲೆಯ ಮುಂದೆ ಅಗಲವಾದ, ಅಲ್ಲಾಡದ ಮರದ ಮಣೆ, ಅಡಿಗೆ ರಬ್ಬರ್ ಅಂಟಿಸಿ. ಊಟಕ್ಕೆ ಕೂರುವ ಸಣ್ಣ ಮಣೆ ಬೇಡ. ಹಿಂದಕ್ಕೆ ಹೆಜ್ಜೆ ಇಟ್ಟಾಗ ಕಾಲು ತಪ್ಪುತ್ತದೆ, ಕೈಯಲ್ಲಿ ಬಿಸಿ ಸಾರಿರುತ್ತದೆ.

## ಸಾಮಾನು ಇಡುವ ಜಾಗ

ಶೆಲ್ಫೇ ಇಲ್ಲ. ಡ್ರಿಲ್ ಮಾಡೋ ಹಾಗಿಲ್ಲ. ಡಬ್ಬಿಗಳನ್ನ ಎಲ್ಲಿಡೋದು?

ಸ್ಲಾಟೆಡ್ ಆಂಗಲ್ ರ‍್ಯಾಕ್. ಅಂಗಡಿಯವರು ಗೋಡೌನಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಉದ್ದಕ್ಕೂ ತೂತಿರುವ ಕಬ್ಬಿಣದ ಪಟ್ಟಿಯದ್ದು, ಅದೇ. ನೋಡಲು ಚಂದವಿಲ್ಲ ಅನ್ನುತ್ತಾರೆ, ಒಪ್ಪುತ್ತೇನೆ. ಆದರೆ ನಟ್ಟು ಬೋಲ್ಟು ಬಿಚ್ಚಿದರೆ ಪಟ್ಟಿಗಳ ಒಂದು ಕಟ್ಟು ಅಷ್ಟೇ. ಹೊಸ ಮನೆಯಲ್ಲಿ ಅಂತಸ್ತುಗಳ ಎತ್ತರವನ್ನು ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ನಾಲ್ಕನೇ ಮನೆಯಲ್ಲಿ ಅಡುಗೆಮನೆ ಚಿಕ್ಕದಾಗಿದ್ದಾಗ ಒಂದು ಅಂತಸ್ತು ಕಡಿಮೆ ಮಾಡಿ ಫ್ರಿಜ್ ಪಕ್ಕ ತೂರಿಸಿದ್ದೆ.

ಕೊಳ್ಳುವಾಗ ಆಳ 12 ಇಂಚು ಸಾಕು. 18 ಇಂಚಾದರೆ ಹಿಂದಿನ ಸಾಲಿನ ಡಬ್ಬಿಯಲ್ಲಿ ಏನಿದೆ ಅಂತ ಯುಗಾದಿಗೆ ಗೊತ್ತಾಗುತ್ತದೆ. ಕಾಲಿಗೆ ರಬ್ಬರ್ ಬೂಟು ಹಾಕಿಸಿ, ಇಲ್ಲದಿದ್ದರೆ ನೆಲದ ಮೇಲೆ ತುಕ್ಕಿನ ಗುರುತು ಬೀಳುತ್ತದೆ, ಅಡ್ವಾನ್ಸ್‌ನಿಂದ ಅದನ್ನೂ ಹಿಡಿಯುತ್ತಾರೆ. ಅಕ್ಕಿ, ರಾಗಿಹಿಟ್ಟು, ಎಣ್ಣೆ ಕ್ಯಾನು ಕೆಳಗೆ. ಹಗುರವಾದದ್ದು ಮೇಲೆ. ಮನೆಯಲ್ಲಿ ಹತ್ತುವ ವಯಸ್ಸಿನ ಮಗು ಇದ್ದರೆ ಎತ್ತರದ ರ‍್ಯಾಕನ್ನು ಕಿಟಕಿಯ ಸರಳಿಗೆ ತಂತಿಯಿಂದ ಬಿಗಿಯಿರಿ.

ಕಿಟಕಿಯ ಸರಳು ಅಂದಾಗ ನೆನಪಾಯಿತು. ಬಾಡಿಗೆ ಮನೆಯಲ್ಲಿ ಪುಕ್ಕಟೆ ಸಿಗುವ ಅತಿ ಗಟ್ಟಿ ವಸ್ತು ಅದೇ. ಎಸ್ ಆಕಾರದ ಕೊಕ್ಕೆ ಸಿಕ್ಕಿಸಿದರೆ ಸೌಟು, ಜಾಲರಿ, ಬಾಣಲೆ, ಕೊತ್ತಂಬರಿ ಕುಂಡ ಎಲ್ಲ ಅಲ್ಲೇ ನೇತಾಡುತ್ತವೆ.

ಅಂಟಿಸೋ ಹುಕ್ ಮೂರೇ ದಿನಕ್ಕೆ ಬೀಳುತ್ತೆ. ಎಲ್ಲಾ ಮೋಸ ಅಕ್ಕ.

ಹುಕ್ಕಿನ ತಪ್ಪು ಕಡಿಮೆ, ನಮ್ಮ ಅವಸರದ ತಪ್ಪು ಜಾಸ್ತಿ. ಟೈಲ್ಸನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒತ್ತಿ ಹಿಡಿದು ಅಂಟಿಸಿ, ಒಂದು ದಿನ ಏನೂ ನೇತುಹಾಕದೆ ಬಿಡಬೇಕು. ಟೈಲ್ಸ್ ಸಂದಿಯ ಮೇಲೆ ಅಂಟಿಸಿದರೆ ಗಾಳಿ ನುಗ್ಗಿ ಬೀಳುತ್ತದೆ. ಪೊಟ್ಟಣದ ಮೇಲೆ ಬರೆದ ತೂಕದ ಅರ್ಧ ಮಾತ್ರ ನಂಬಿ. ಎಳೆದರೆ ಹಿಗ್ಗಿ ಬಿಟ್ಟುಕೊಳ್ಳುವ ಪಟ್ಟಿ ಇರುವ ಹುಕ್ಕಾದರೆ, ತೆಗೆಯುವಾಗ ಪಟ್ಟಿಯನ್ನು ಗೋಡೆಗೆ ಸಮನಾಗಿ ಕೆಳಕ್ಕೆ ಎಳೆಯಬೇಕು, ನಿಮ್ಮ ಕಡೆಗಲ್ಲ. ಗಾಜಿನ ಸಾಮಾನು, ಚಾಕು, ಒಲೆಯ ನೇರಕ್ಕೆ ಬರುವ ಯಾವುದನ್ನೂ ಅಂಟಿನ ಮೇಲೆ ನೇತುಹಾಕಬೇಡಿ.

ಕಟ್ಟೆ ಕೆಳಗೆ ಬಾಗಿಲಿಲ್ಲ. ಬಂದವರಿಗೆಲ್ಲ ಪಾತ್ರೆ, ಸಿಲಿಂಡರ್ ಕಾಣುತ್ತೆ.

ಕಡಪ ಕಲ್ಲಿನ ಎರಡು ಗೋಡೆಗಳ ನಡುವೆ ಮೊಳೆಯಿಲ್ಲದೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಕೂರಿಸಿ, ಹತ್ತಿಯ ಪರದೆ ಇಳಿಬಿಡಿ. ಹಳೇ ಹತ್ತಿ ಸೀರೆಯೊಂದರಲ್ಲಿ ಮೂರು ಪರದೆ ಆಗುತ್ತವೆ. ಇಳಕಲ್ ಸೀರೆಯ ಅಂಚು ಕೆಳಗೆ ಬರುವ ಹಾಗೆ ಹೊಲಿಸಿದ್ದೆ, ಬಂದವರೆಲ್ಲ ಎಲ್ಲಿ ತಂದಿರಿ ಅಂತ ಕೇಳುತ್ತಿದ್ದರು. ನೆಲದಿಂದ ನಾಲ್ಕು ಇಂಚು ಮೇಲೇ ನಿಲ್ಲಲಿ, ಒರೆಸುವಾಗ ಒದ್ದೆಯಾಗುವುದಿಲ್ಲ.

ಸಿಲಿಂಡರ್ ಇರುವ ಕಂಡಿಗೆ ಮಾತ್ರ ಪರದೆ ಬೇಡ. ಅದು ಕಾಣಲಿ ಬಿಡಿ.

ದೇವರ ಗೂಡು ಅಡುಗೆಮನೆಯಲ್ಲೇ ಇಡಬೇಕು. ಗೋಡೆಗೆ ಸ್ಟ್ಯಾಂಡ್ ಹೊಡೆಸೋ ಹಾಗಿಲ್ಲ.

ಚಿಕ್ಕ ಮನೆಗಳಲ್ಲಿ ಬೇರೆ ಜಾಗವೇ ಇರುವುದಿಲ್ಲ. ಕಾಲಿರುವ ಮಂಟಪವನ್ನು ಒಂದು ಗಟ್ಟಿ ಸ್ಟೂಲ್ ಮೇಲೋ ರ‍್ಯಾಕಿನ ಎದೆಮಟ್ಟದ ಅಂತಸ್ತಿನಲ್ಲೋ ಇಡಿ. ಅಂತಸ್ತಿನಲ್ಲಿ ಇಟ್ಟರೆ ದೀಪದ ನೇರ ಮೇಲಿನ ಅಂತಸ್ತು ತೆಗೆದುಬಿಡಬೇಕು, ಮಸಿ ಹಿಡಿಯುತ್ತದೆ, ಬಿಸಿಯೂ ಆಗುತ್ತದೆ. ದೀಪದ ಕೆಳಗೆ ಹಿತ್ತಾಳೆ ತಟ್ಟೆ, ಹಿಂದೆ ಒಂದು ಸ್ಟೀಲ್ ತಟ್ಟೆ ಒರಗಿಸಿದರೆ ಗೋಡೆಗೆ ಎಣ್ಣೆ, ಕುಂಕುಮ ತಾಗುವುದಿಲ್ಲ. ದೀಪ ಮತ್ತು ಸಿಲಿಂಡರ್ ಅಡುಗೆಮನೆಯ ಎರಡು ಬೇರೆ ಬೇರೆ ತುದಿಯಲ್ಲಿರಲಿ.

## ಕರೆಂಟು, ನೀರು, ಗ್ಯಾಸು

ಪ್ಲಗ್ ಪಾಯಿಂಟ್ ಒಂದೇ ಇದೆ. ಎಕ್ಸ್‌ಟೆನ್ಷನ್ ಹಾಕಿ ಮಿಕ್ಸಿ, ಇಂಡಕ್ಷನ್ ಎಲ್ಲಾ ಓಡಿಸಬಹುದಾ?

ಮಿಕ್ಸಿ ಆಗುತ್ತದೆ, ಇಂಡಕ್ಷನ್ ಆಗುವುದಿಲ್ಲ. ಲೆಕ್ಕ ಸುಲಭ. ನಮ್ಮಲ್ಲಿ 230 ವೋಲ್ಟ್. ಚಿಕ್ಕ ಪ್ಲಗ್ 6 ಆಂಪಿಯರ್‌ನದು, ಅಂದರೆ 1,380 ವಾಟ್ ಅದರ ಮಿತಿ. 750 ವಾಟ್ ಮಿಕ್ಸಿಗೆ ತೊಂದರೆಯಿಲ್ಲ. 2,000 ವಾಟ್ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪಾಯಿಂಟೇ ಬೇಕು. ದಪ್ಪ ಪಿನ್ನನ್ನು ಚಿಕ್ಕ ಪ್ಲಗ್‌ಗೆ ತೂರಿಸುವ ಕನ್ವರ್ಟರ್ ಹತ್ತೋ ಇಪ್ಪತ್ತೋ ರೂಪಾಯಿ ಉಳಿಸಿ ವೈರು ಸುಡುತ್ತದೆ. 16 ಆಂಪಿಯರ್ ಪಾಯಿಂಟ್ ಫ್ರಿಜ್ ಹತ್ತಿರವೋ ಪಾತ್ರೆ, ಬಟ್ಟೆ ತೊಳೆಯುವ ಯುಟಿಲಿಟಿಯಲ್ಲೋ ಇದ್ದರೆ ಇಂಡಕ್ಷನ್ನನ್ನೇ ಅಲ್ಲಿಗೆ ಒಯ್ಯಿರಿ.

ಇನ್ನೊಂದು ಲೆಕ್ಕ. 2,000 ವಾಟ್ ಒಲೆ ಪೂರ್ತಿ ಉರಿಯಲ್ಲಿ ದಿನಾ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆಯವರಿಗೂ ಇದೆ, ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಗಡಿಯಲ್ಲಿರುವವರು ಯೋಚಿಸಿ.

ಹಗಲಲ್ಲೂ ಕತ್ತಲು. ಟ್ಯೂಬ್‌ಲೈಟ್ ಇದ್ರೂ ಏನೂ ಕಾಣಲ್ಲ.

ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದೆ ಇರುತ್ತದೆ. ಹೆಚ್ಚುವ ಹಲಗೆಯ ಮೇಲೆ ಬೀಳುವುದು ನಿಮ್ಮದೇ ನೆರಳು. ಬೆಳಕು ಕಟ್ಟೆಯ ಮೇಲ್ಗಡೆ, ನಿಮ್ಮ ಮುಂದೆ ಇರಬೇಕು. ಪ್ಲಗ್ ಇರುವ ತೆಳ್ಳನೆಯ ಎಲ್‌ಇಡಿ ಪಟ್ಟಿಯನ್ನು ಮೇಲಿನ ಶೆಲ್ಫಿನ ಅಡಿಗೆ ಅಂಟಿಸಿ. ಪ್ಲಗ್ ಇಲ್ಲದಿದ್ದರೆ ಚಾರ್ಜ್ ಮಾಡುವ, ಮ್ಯಾಗ್ನೆಟ್ ಇರುವ ಲೈಟು. ಬೆಳಕಿನ ಬಣ್ಣದ ಅಳತೆ 4,000 ಕೆಲ್ವಿನ್ ಇರಲಿ. 6,500ರದ್ದು ಆಸ್ಪತ್ರೆಯ ನೀಲಿ ಬಿಳುಪು, 2,700ರದ್ದರಲ್ಲಿ ಈರುಳ್ಳಿ ಕೆಂಪಾಯಿತೋ ಇಲ್ಲವೋ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಂಚೆ ಕಿಟಕಿಯ ಜಾಲರಿ ಬಿಚ್ಚಿ ತೊಳೆಯಿರಿ. ಜಿಡ್ಡಿನ ಮೇಲೆ ಕೂತ ಧೂಳು ಎಷ್ಟು ಬೆಳಕು ತಿನ್ನುತ್ತಿತ್ತು ಅಂತ ಆಗ ಗೊತ್ತಾಗುತ್ತದೆ.

ನಲ್ಲಿ ಬದಲಿಸೋದು ನಾವೇ ಮಾಡ್ಕೋಬಹುದಾ?

ಹೊಸ ಕಟ್ಟಡವಾದರೆ ಆಗಬಹುದು. ವಾಲ್ವ್ ಮುಚ್ಚಿ, ಹಳೆಯದನ್ನು ತಿರುಗಿಸಿ ತೆಗೆದು, ಹೊಸದರ ಎಳೆಗೆ ಟೆಫ್ಲಾನ್ ಟೇಪ್ ಸುತ್ತಿ ಹಾಕುವುದು. ಮಾಮೂಲಿ ನಲ್ಲಿ ಅರ್ಧ ಇಂಚಿನದು. ಹಳೇ ಮನೆಯಲ್ಲಿ, ಗೋಡೆಯೊಳಗೆ ಕಬ್ಬಿಣದ ಪೈಪ್ ಇದ್ದರೆ ಕೈ ಹಾಕಬೇಡಿ. ನಾನು ಹಾಕಿದ್ದೆ, ಭಾನುವಾರ ಬೆಳಗ್ಗೆ. ನಲ್ಲಿಯ ಜೊತೆ ತುಕ್ಕು ಹಿಡಿದ ಪೈಪಿನ ತುದಿಯೂ ಕೈಗೆ ಬಂತು. ಮೂರು ಮಹಡಿಗೂ ನೀರು ನಿಲ್ಲಿಸಬೇಕಾಯಿತು. ಅವತ್ತು ಮೇಲಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು.

ನಲ್ಲಿ ಬದಲಿಸದೆಯೂ ತುದಿಗೆ ಅತ್ತಿತ್ತ ತಿರುಗುವ ಮೂತಿ ಸಿಕ್ಕಿಸಬಹುದು, ಜೊತೆಗೆ ನೀರಿಗೆ ಗಾಳಿ ಬೆರೆಸುವ ಏರೇಟರ್. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರ ಬಂದಾಗ ಜಲಮಂಡಳಿ ಏರೇಟರ್ ಹಾಕಿಸಿ ಅಂತ ಬೆನ್ನು ಬಿದ್ದಿತ್ತು. ಪಾತ್ರೆ ತೊಳೆಯುವಾಗ ವ್ಯತ್ಯಾಸ ನಿಜವಾಗಿ ಗೊತ್ತಾಗುತ್ತದೆ.

ವಾಟರ್ ಫಿಲ್ಟರ್ ಗೋಡೆಗೇ ಹಾಕಿಸ್ಬೇಕಾ?

ಇಲ್ಲ. ಗೋಡೆಗೆ ಹಾಕುವ ಬಹುಪಾಲು ಆರ್‌ಓ ಯಂತ್ರಗಳನ್ನು ಕಟ್ಟೆಯ ಮೇಲೂ ನಿಲ್ಲಿಸಬಹುದು. ನಲ್ಲಿಗೆ ಕವಲು ವಾಲ್ವ್ ಹಾಕಿದರೆ ಪೈಪ್ ಕೊರೆಯಬೇಕಿಲ್ಲ. ಹಾಕಲು ಬಂದವರು ಮಾತಾಡುವ ಮೊದಲೇ ಡ್ರಿಲ್ ಆನ್ ಮಾಡುತ್ತಾರೆ, ಪಕ್ಕದಲ್ಲೇ ನಿಂತಿರಿ. ಯಂತ್ರ ಹೊರಗೆ ಬಿಡುವ ವ್ಯರ್ಥ ನೀರಿನ ಪೈಪನ್ನು ಬಕೆಟ್ಟಿಗೆ ಬಿಟ್ಟರೆ ನೆಲ ಒರೆಸಲು ಆಗುತ್ತದೆ. ಕಾವೇರಿ ನೀರು ಮಾತ್ರ ಬರುವ ಮನೆಗೆ ಆರ್‌ಓ ಬೇಕಾಗುವುದು ಅಪರೂಪ, ಕರೆಂಟ್ ಬೇಡದ ಮಾಮೂಲಿ ಫಿಲ್ಟರೇ ಸಾಕಾಗಬಹುದು.

ಚಿಮಣಿ ಇಲ್ಲ. ಮೆಣಸಿನಕಾಯಿ ಹುರಿದ್ರೆ ಹಾಲ್‌ವರೆಗೂ ಕೆಮ್ಮು.

ಹೊಗೆ ಹೊರಗೆ ಕಳಿಸುವ ಚಿಮಣಿಗೆ ಗೋಡೆಯಲ್ಲಿ ದೊಡ್ಡ ತೂತು ಬೇಕು, ಬಾಡಿಗೆ ಮನೆಯಲ್ಲಿ ಅದರ ಆಸೆ ಬಿಡಿ. ಕಿಟಕಿಯ ಒಂದು ಗಾಜು ಬಿಚ್ಚಿ, ಅದೇ ಅಳತೆಯ ಪ್ಲೈವುಡ್ ಕೂರಿಸಿ, ಅದರಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಬಹುದು. ತೂತು ಬೀಳುವುದು ನಿಮ್ಮ ಪ್ಲೈವುಡ್‌ಗೆ, ಓನರ್ ಗೋಡೆಗಲ್ಲ. ಬಿಚ್ಚಿದ ಗಾಜನ್ನು ಪೇಪರಲ್ಲಿ ಸುತ್ತಿ ಮಂಚದ ಕೆಳಗಿಡಿ. ಫ್ಯಾನ್ ಓಡುವಾಗ ಎದುರು ಬಾಗಿಲೋ ಕಿಟಕಿಯೋ ಸ್ವಲ್ಪ ತೆರೆದಿರಬೇಕು. ಒಳಗೆ ಗಾಳಿ ಬರದೆ ಹೊರಗೆ ಹೊಗೆ ಹೋಗುವುದಿಲ್ಲ.

ಗ್ಯಾಸ್ ಸಿಲಿಂಡರ್ ಜಾಗ ಬದಲಿಸಬಹುದಾ? ಕಬೋರ್ಡ್ ಒಳಗಿಟ್ರೆ ಚಂದ ಕಾಣುತ್ತೆ.

ಚಂದಕ್ಕೆ ಬಿಟ್ಟುಕೊಡಲಾಗದ ಒಂದೇ ವಿಷಯ ಇದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಮುಚ್ಚಿದ ಕಬೋರ್ಡಿನಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಮೇಲೆ ವರ್ಷ ಅಚ್ಚಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಬದಲಿಸಿ. ಜಾಗ ಬದಲಿಸಲೇಬೇಕಾದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕರೆಸಿ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

## ಸ್ವಲ್ಪ ಮುಂದೆ ಹೋಗುವವರಿಗೆ

ಮಾಡ್ಯುಲರ್ ಕಿಚನ್ ಇದೆ, ಆದ್ರೆ ಕೆಂಪು ಬಣ್ಣ! ಏನು ಮಾಡ್ಲಿ?

ಮೊದಲು ಹಿಡಿಗಳನ್ನು ಬದಲಿಸಿ ನೋಡಿ. ಅಷ್ಟಕ್ಕೇ ನೋಟ ಬದಲಾಗುತ್ತದೆ. ಹಳೇ ಹಿಡಿಯ ಎರಡು ಸ್ಕ್ರೂ ತೂತುಗಳ ನಡುವಿನ ಅಂತರ ಅಳೆಯಿರಿ. ಸಾಮಾನ್ಯವಾಗಿ 96, 128 ಅಥವಾ 160 ಮಿಲಿಮೀಟರ್ ಇರುತ್ತದೆ. ಅದೇ ಅಂತರದ್ದು ತಂದರೆ ಹೊಸ ತೂತು ಬೇಡ. ಹಳೆಯವು ಓನರ್ ಡಬ್ಬಿಗೆ.

ಬಾಗಿಲಿಗೆ ವಿನೈಲ್ ಸುತ್ತುವುದಿದ್ದರೆ, ನಯವಾದ ಲ್ಯಾಮಿನೇಟ್ ಬಾಗಿಲಾದರೆ ಸರಿ. ಬಣ್ಣ ಹೊಡೆದದ್ದು ಅಥವಾ ಮೇಲೆ ತೆಳು ಹಾಳೆ ಒತ್ತಿ ಅಂಟಿಸಿದ ಬಾಗಿಲಾದರೆ ಬೇಡ, ಕೀಳುವಾಗ ಮೇಲ್ಪದರವೇ ಎದ್ದು ಬರಬಹುದು. ಎಲ್ಲಾ ಬಾಗಿಲಿಗೂ ಅಂಟಿಸಬೇಕಿಲ್ಲ. ಮೇಲಿನ ಸಾಲಿಗೆ ತಿಳಿ ಬಣ್ಣ ಬಂದರೆ ಕೆಳಗಿನ ಕೆಂಪು ಕಣ್ಣಿಗೆ ಅಷ್ಟು ರಾಚುವುದಿಲ್ಲ.

ನಾವು ಅಮೆರಿಕದಲ್ಲಿದ್ದೀವಿ. ಒಗ್ಗರಣೆ ಹಾಕಿದ್ರೆ ಸ್ಮೋಕ್ ಅಲಾರ್ಮ್ ಕೂಗುತ್ತೆ.

ಅಲಾರ್ಮಿಗೆ ಪ್ಲಾಸ್ಟಿಕ್ ಸುತ್ತುವ ಉಪಾಯ ಹಲವರು ಹೇಳುತ್ತಾರೆ. ಬೇಡ, ಜೀವಕ್ಕೂ ಅಪಾಯ, ಅಗ್ರಿಮೆಂಟಿಗೂ. ಅಲ್ಲಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಸೋಸಿ ಮತ್ತೆ ಒಳಗೇ ಬಿಡುತ್ತದೆ. ಅದರ ಇದ್ದಿಲಿನ ಫಿಲ್ಟರ್ ಯಾವಾಗ ಬದಲಾಯಿತು ಅಂತ ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಕೇಳಿ. ಅಲ್ಲಿನ ಕರೆಂಟಿನ ಕಾಯಿಲ್ ಒಲೆ ಕಾಯಲೂ ನಿಧಾನ, ಆರಲೂ ನಿಧಾನ. ಒಗ್ಗರಣೆಗೆ ಒಂದು ಪುಟ್ಟ ಇಂಡಕ್ಷನ್ ಇಟ್ಟುಕೊಂಡು ಕಿಟಕಿಯ ಬಳಿ ಹಾಕಿ. ಊರಿಂದ ಮಿಕ್ಸಿ ಹೊತ್ತುಕೊಂಡು ಹೋಗಬೇಡಿ. ಅಲ್ಲಿ 120 ವೋಲ್ಟ್, ನಮ್ಮದು ಅರ್ಧ ವೇಗದಲ್ಲಿ ನರಳುತ್ತದೆ. ಅಲ್ಲಿನ ವೋಲ್ಟೇಜಿಗೇ ಮಾಡಿದ ಇಂಡಿಯನ್ ಮಿಕ್ಸಿ ಅಲ್ಲೇ ಸಿಗುತ್ತದೆ.

ಖಾಲಿ ಮಾಡುವಾಗ ಎಲ್ಲಾ ಕೀಳೋದು ಯಾವಾಗ? ಅಂಟು ಹೋಗೋದೇ ಇಲ್ಲ.

ಎರಡು ವಾರ ಮುಂಚೆ ಶುರು ಮಾಡಿ. ಹಿಂದಿನ ರಾತ್ರಿಗೆ ಇಟ್ಟುಕೊಂಡರೆ ಉಗುರಲ್ಲಿ ಕೆರೆಯುತ್ತಾ ಕೂರಬೇಕಾಗುತ್ತದೆ. ಹೇರ್ ಡ್ರೈಯರ್‌ನಿಂದ ಸ್ಟಿಕ್ಕರಿನ ಮೂಲೆ ಬಿಸಿ ಮಾಡಿ, ಮೆಲ್ಲಗೆ, ಗೋಡೆಗೆ ಹತ್ತಿರವಾಗಿ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಹಳೇ ಎಟಿಎಂ ಕಾರ್ಡಿನಿಂದ ಕೆರೆದರೆ ಉಂಡೆಯಾಗಿ ಬರುತ್ತದೆ. ಬ್ಲೇಡ್ ಬೇಡ, ಟೈಲ್ಸಿಗೆ ಗೀರು ಬೀಳುತ್ತದೆ. ಕೊನೆಗೆ ಪಾತ್ರೆ ಸೋಪು. ಮೊಳೆಯ ತೂತಿದ್ದರೆ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದ. ಓನರ್ ಡಬ್ಬಿ ಇಳಿಸಿ ಎಲ್ಲವನ್ನೂ ಸ್ವಸ್ಥಾನಕ್ಕೆ ಹಾಕಿ. ಬಂದ ದಿನ ತೆಗೆದ ಅದೇ ಕೋನಗಳಿಂದ ಮತ್ತೆ ಫೋಟೊ ತೆಗೆಯಿರಿ.

ಅಷ್ಟೆಲ್ಲಾ ಮಾಡಿದ್ರೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡೀತಾರೆ. ಮತ್ತೇನು ಲಾಭ?

ಬೆಂಗಳೂರಿನಲ್ಲಿ ಅದು ಬಹುತೇಕ ವಾಡಿಕೆಯೇ ಆಗಿದೆ, ಅಗ್ರಿಮೆಂಟಿನಲ್ಲೂ ಬರೆದಿರುತ್ತದೆ. ಅದನ್ನು ತಪ್ಪಿಸುವುದು ಕಷ್ಟ. ನೀವು ತಪ್ಪಿಸುತ್ತಿರುವುದು ಅದರ ಮೇಲಿನದ್ದನ್ನು: "ಟೈಲ್ಸ್ ಹಾಳು, ನಲ್ಲಿ ಹಾಳು, ಬಾಗಿಲು ಹಾಳು" ಅನ್ನುವ ಎರಡನೇ ಪಟ್ಟಿಯನ್ನು. ಒಂದು ಮನೆಯಲ್ಲಿ ಓನರ್ ಕಟ್ಟೆಯ ಚಕ್ಕೆಗೆ ದುಡ್ಡು ಹಿಡಿಯಲು ಹೊರಟಿದ್ದರು. ಮೊದಲ ದಿನ ಕಳಿಸಿದ ಫೋಟೊವನ್ನೇ ಮತ್ತೆ ಕಳಿಸಿದೆ. "ಓ, ಮೊದಲೇ ಇತ್ತಾ" ಅಂದರು. ಮಾತು ಮುಗಿಯಿತು.

ರ‍್ಯಾಕ್, ಪರದೆ ಎಲ್ಲಾ ಮುಂದಿನ ಬಾಡಿಗೆಯವರಿಗೇ ಮಾರಿಬಿಡಬಹುದಾ?

ಪರದೆ, ಸ್ಪ್ರಿಂಗ್ ರಾಡ್, ಅಳತೆಗೆ ಕತ್ತರಿಸಿದ ಮ್ಯಾಟ್ ಮಾರಿ. ಹೊಸ ಮನೆಯಲ್ಲಿ ಅವು ಅಳತೆಗೆ ಕೂರುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಪ್ಲೈವುಡ್ ಸಮೇತ ಬಿಡುವುದಾದರೆ ಓನರ್‌ಗೆ ಹೇಳಿ, ಗಾಜನ್ನು ಅವರ ಕೈಗೇ ಕೊಡಿ. ರ‍್ಯಾಕ್ ಮಾತ್ರ ಯಾರಿಗೂ ಕೊಡಬೇಡಿ.